ಗೌಡರ ಗಜವಾಹನ

ಮೂಡಿಗೆರೆಯ ಕಾಫಿತೋಟದ ಗೌಡರು, ತಾವು ಕೊಂಡ ಹಳೆಯ ವಿಲಾಯತಿ ವಾಹನದ ಸಮ್ಮುಖದಲ್ಲಿ ನಿಂತು, ಟ್ರ್ಯಾಕ್ಟರಿನ ಸಿದ್ದನಿಗೆ ಅದರ ಮಹಿಮೆಯನ್ನು ಸವಿಸ್ತಾರವಾಗಿ ನಿರೂಪಿಸುತ್ತಿದ್ದರು.

"ಇಂಥವಕ್ಕೆಲ್ಲ ಹಿರಿಯನೆನಿಸಿದ ರೇಂಜ್ ರೋವರು 1970ರಲ್ಲಿ ಇಂಗ್ಲೆಂಡಿನಲ್ಲಿ ಅವತರಿಸಿದಾಗ, ಕೆಸರು ಮೆಟ್ಟಿದವರೂ ನಿಸ್ಸಂಕೋಚವಾಗಿ ಏರಲೆಂದು, ಅದರ ಒಳಭಾಗವನ್ನೇ ನೀರೆರಚಿ ತೊಳೆಯುವಂತೆ ನಿರ್ಮಿಸಿದ್ದರು ಕಣೋ!"

"ಹಂಗಾರೆ ಹತ್ತಲಾ ಅಯ್ಯಾ?"

"ಛೇ! ಇದು ಚರ್ಮದ ಆಸನ. ಕೆರ ಕಳಚು, ಕಾಲು ತೊಳೆ."

"ದೇವಸ್ಥಾನ ಅನ್ನಿ! ರಾತ್ರಿ ಎದ್ದು ನಿಂತಿತ್ತು, ಈಗ್ಯಾಕೆ ನೆಲ ಹಿಡಿದೈತೆ?"

"ಸ್ಪ್ರಿಂಗುಗಳ ಸ್ಥಾನದಲ್ಲಿ ಗಾಳಿಚೀಲಗಳಿವೆ, ರಬ್ಬರು ಬಿರಿದು, ಗಾಳಿ ಸೋರಿ, ವಾಹನವು ವಿಶ್ರಮಿಸುತ್ತಿದೆ."

"ಗಾಳಿ ಮೇಲೇ ನಿಂತಿರೋ ದೊಡ್ಡಸ್ತಿಕೆ! ಬಿಡಿಭಾಗ?"

"ಸಮುದ್ರೋಲ್ಲಂಘನ ಮಾಡಿ ಬರಬೇಕು. ಈ ಸಲದ ಕಾಫಿ ಮಾರಿದೊಡನೆ ತರಿಸುವೆನು."

"ಆದ್ರೂ ಎಂಥ ದುರ್ಗಮ ಹಾದೀನೂ ದಾಟ್ತದಲ್ಲ?"

"ನಿಸ್ಸಂಶಯವಾಗಿ! ಹಗ್ಗ ಬಿಗಿಯಾಗಿ ಕಟ್ಟು. ನಿನ್ನ ಟ್ರ್ಯಾಕ್ಟರನ್ನು ಮಾತ್ರ ನಿಧಾನವಾಗಿ ನಡೆಸು."