ಓನರ್ ಕಂ ಡ್ರೈವರಣ್ಣ

ಕೋಡಿಹಳ್ಳಿ ಸರ್ಕಲ್ಲಿನಲ್ಲಿ ನಸುಕಿಗೇ ‘ಕಿರ್ರೋ’ ಎಂದು ಸದ್ದಾದರೆ ಟೀ ಅಂಗಡಿಯವನು ತಲೆ ಎತ್ತದೆ ಒಂದು ಲೋಟ ಹೆಚ್ಚಿಗೆ ಸುರಿಯುತ್ತಾನೆ. ನಮ್ಮ ಓನರ್ ಕಂ ಡ್ರೈವರಣ್ಣ ಗಾಡಿ ಸ್ಟಾರ್ಟ್ ಮಾಡಿದ ಎಂದು ಅರ್ಥ. ಕಿರುಚುವುದು ಬೆಲ್ಟು.

ಗಾಡಿ ಟಾಟಾ 407. 1986ರಲ್ಲಿ ರಸ್ತೆಗಿಳಿದ ಮಾಡೆಲ್ಲು. ಇವನದು ಅಷ್ಟು ಹಳೆಯದಲ್ಲ. ಆದರೆ ಕಂಪನಿಯವರು ಕೊಟ್ಟಿದ್ದಕ್ಕಿಂತ ಇವನು ಹೊರಿಸಿದ್ದೇ ಜಾಸ್ತಿ. ನೆತ್ತಿಯ ಮೇಲೆ ಬಣ್ಣದ ಲೈಟಿನ ಸಾಲು, ಮೂರು ರಾಗದ ಹಾರನ್ನು, ಹಾಡಿನ ಸೆಟ್ಟು, ಫ್ಯಾನು, ಮಾದಪ್ಪನ ಫೋಟೋ ಹಿಂದೆ ಗಿರಗಿರ ತಿರುಗುವ ಚಕ್ರ. ಇಷ್ಟಕ್ಕೂ ಕರೆಂಟು ಎಲ್ಲಿಂದ ಎಂದರೆ, ‘ಬ್ಯಾಟರಿ ಐತಲ್ಲ ಮೇಷ್ಟ್ರೇ’ ಎನ್ನುತ್ತಾನೆ. ಬ್ಯಾಟರಿಗೆ ಎಲ್ಲಿಂದ? ಅಲ್ಲಿಗೆ ಅವನ ಆಸಕ್ತಿ ಮುಗಿಯಿತು. ಬಾನೆಟ್ಟಿನ ಒಳಗಿರುವುದು ದಾರಿಹೋಕರಿಗೆ ಕಾಣುವುದಿಲ್ಲವಲ್ಲ.

ವಾರದಲ್ಲಿ ಮೂರು ದಿನ ಊರವರ ಕೈಲಿ ಗಾಡಿ ತಳ್ಳಿಸಿದ ಮೇಲೆ ಎಲೆಕ್ಟ್ರಿಕ್ ಕೆಲಸದ ಭಾಯ್ ತೀರ್ಪು ಕೊಟ್ಟರು: ದೊಡ್ಡ ಡೈನಮೋ ಹಾಕಿಸಿ. (ಆಲ್ಟರ್ನೇಟರ್ ಎಂಬ ಹೆಸರು ಎಲ್ಲರಿಗೂ ಗೊತ್ತು. ಬಾಯಿಗೆ ಹಗುರ ಡೈನಮೋ.) ಅಣ್ಣ ಅವತ್ತೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಚೌಕಾಸಿಯೇ ಇಲ್ಲದೆ 80 ಆಂಪಿಯರಿನದನ್ನು ತಂದ. ಡಬ್ಬ ಬಿಚ್ಚಿ ಸರ್ಕಲ್ಲಿನಲ್ಲಿ ಕೈಯಿಂದ ಕೈಗೆ ದಾಟಿಸಿದ. ತೂಕ ನೋಡದೆ ಯಾರನ್ನೂ ಬಿಡಲಿಲ್ಲ.

ಭಾಯ್ ರಟ್ಟಿನ ಮೇಲೆ ಲೆಕ್ಕ ಬರೆದರು. ಚಾರ್ಜಿಂಗ್ 14 ವೋಲ್ಟ್, 80ರಿಂದ ಗುಣಿಸಿದರೆ 1120 ವ್ಯಾಟ್, ಅಂದರೆ ಒಂದೂವರೆ ಎಚ್‌ಪಿ. ಬಿಸಿಯಾಗಿ ಹೋಗುವುದನ್ನೂ ಇಂಜಿನ್ನೇ ತೆರಬೇಕು, ಎರಡು ದಾಟುತ್ತದೆ.

‘ಬಾವಿ ಮೋಟರ್ ಇದ್ದಂಗಣ್ಣ. ಅಷ್ಟನ್ನೂ ಎಳೆಯೋದು ಈ ಒಂದು ಪಟ್ಟಿ. 13 ಎಂಎಂದೇ ತನ್ನಿ. ಪುಲ್ಲಿ ಬದಲಾಗೈತೆ, ಉದ್ದ ನಾನು ಅಳೆದು ಕೊಡ್ತೀನಿ.’

ಡೈನಮೋಗೆ ಸಾವಿರಗಟ್ಟಲೆ ಸುರಿದವನು ಬೆಲ್ಟಿಗೆ ಬಂದಾಗ ಸಂಸಾರಸ್ಥನಾದ. ಉದ್ದ ಸರಿಯಾಗಿದ್ದು, ನೂರು ರೂಪಾಯಿ ಕಡಿಮೆಯ 10 ಎಂಎಂ ಬೆಲ್ಟು ಹಿಡಿದು ಬಂದ. ಹಾಕಿದರೆ ಪುಲ್ಲಿಯ ತೋಡಿನೊಳಗೆ ಪೂರ್ತಿ ಹೂತುಕೊಂಡಿತು.

‘ಒಳಗ್ ಕೂತ್ಕಂಡ್ರೆ ಇನ್ನೂ ಭದ್ರ ಅಲ್ವಾ ಭಾಯ್?’

‘ತಳ ಮುಟ್ಟಿದ್ರೆ ಜಾರ್ತದೆ ಅಣ್ಣ. ಈ ಬೆಲ್ಟ್ ಹಿಡಿಯೋದು ಎರಡು ಪಕ್ಕದ ಗೋಡೇಲಿ. ಮೇಲ್ಮೈ ಪುಲ್ಲಿ ಅಂಚಿಗೆ ಸಮ ನಿಲ್ಬೇಕು.’

‘ಬುಡಿ, ಹೊಸದು. ಹೊಂದ್ಕತದೆ.’

ಹೊಂದಿಕೊಳ್ಳಲಿಲ್ಲ, ಕಿರುಚಿತು. ಅಣ್ಣ ಸೋಪು ಸವರಿದ. ಎರಡು ದಿನ ಸುಮ್ಮನಿದ್ದು ಮತ್ತೆ ಕಿರುಚಿತು. ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗಿನ ಕೆಂಪು ದೀಪ ಹತ್ತಿದಾಗ ಅದರ ಮೇಲೊಂದು ಅಪ್ಪು ಸ್ಟಿಕ್ಕರ್ ಅಂಟಿಸಿ, ರಿಪೇರಿ ಮುಗಿಸಿದ.

ಒಂದು ರಾತ್ರಿ ನಮ್ಮ ಮನೆಯ ರೇಷ್ಮೆಗೂಡು ಹೇರಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟೆವು. ನಮ್ಮ ಕಡೆ ಕಾಡಂಚು, ಆನೆಗಳ ಓಡಾಟ. ಊರು ದಾಟಿ ಸ್ವಲ್ಪ ಹೊತ್ತಿಗೆ ಹೆಡ್‌ಲೈಟು ಸಾರಿನಲ್ಲಿ ಅದ್ದಿದಂತೆ ಹಳದಿಯಾಯಿತು. ನೀರಿನ ಪಂಪು ತಿರುಗುವುದೂ ಅದೇ ಬೆಲ್ಟಿನಲ್ಲಿ. ಬಿಸಿಯ ಮುಳ್ಳು ಮೇಲೇರಿತು.

‘ಹೆದರ್ಬೇಡಿ ಮೇಷ್ಟ್ರೇ. ಡೀಸೆಲ್ ಇಂಜಿನ್, ಬ್ಯಾಟರಿ ಇಲ್ದಿದ್ರೂ ಓಡ್ತದೆ.’

ಅವನ ಹಳೇ ಗಾಡಿಯ ಮಟ್ಟಿಗೆ ಮಾತು ನಿಜ. ಮುಂದೆ ನಿಂತಿರುವುದು ಬಂಡೆಯೋ ಆನೆಯೋ ಕಾಣಬೇಕಲ್ಲ! ಆ ಚಕ್ರವನ್ನಾದರೂ ಆರಿಸಪ್ಪ ಎಂದೆ. ‘ಮಾದಪ್ಪಂದಾ?’ ಎಂದು ನನ್ನನ್ನು ನಾಸ್ತಿಕನನ್ನು ನೋಡುವಂತೆ ನೋಡಿದ. ಕೊನೆಗೆ ಗಾಡಿ ನಿಂತಿತು. ಗೂಡಿನ ಚೀಲಗಳು ಹಿಂದೆ ಬಂದ ಟೆಂಪೋ ಹತ್ತಿದವು. ಆನೆ ಬರಲಿಲ್ಲ, ಚಕ್ರ ಮಾತ್ರ ಕೊನೆಯುಸಿರಿನವರೆಗೂ ತಿರುಗುತ್ತಿತ್ತು.

ಮಾರನೆಯ ದಿನ ಭಾಯ್ 13 ಎಂಎಂ ಬೆಲ್ಟು ಏರಿಸಿದರು. ಎರಡು ಪುಲ್ಲಿಯ ನಡುವೆ ಹೆಬ್ಬೆರಳಿನಿಂದ ಒತ್ತಿದರು. ಅರ್ಧ ಇಂಚು ಬಗ್ಗಿತು. ಬೋಲ್ಟು ಬಿಗಿದು, ಎಲ್ಲ ಲೈಟೂ ಹಾಕಿಸಿ ಸ್ಟಾರ್ಟ್ ಮಾಡಿಸಿದರು. ಕಿರ್ ಇಲ್ಲ, ಕುರ್ ಇಲ್ಲ. ಅಪ್ಪು ಸ್ಟಿಕ್ಕರಿನ ಹಿಂದೆಯೂ ಕತ್ತಲೆ.

ಕಾಲು ಗಂಟೆಯಲ್ಲಿ ಅಣ್ಣ ವಾಪಸ್ ಬಂದ. ಮುಖ ಸಪ್ಪಗಿತ್ತು.

‘ಸೌಂಡೇ ಇಲ್ಲ ಭಾಯ್. ನಾನು ಬಂದಿದ್ದು ಟೀ ಅಂಗಡಿಯವನಿಗೂ ಗೊತ್ತಾಗಲಿಲ್ಲ.’ ಸ್ವಲ್ಪ ತಡೆದು, ರಟ್ಟಿನ ಲೆಕ್ಕವನ್ನು ಬಗ್ಗಿ ನೋಡಿದ. ‘ಅಲ್ಲ, 80ರಲ್ಲಿ ಇನ್ನೆಷ್ಟು ಆಂಪಿಯರ್ ಮಿಕ್ಕೈತೆ?’