ಮಂಡಿಗೊಂದು ಟೊಪ್ಪಿ

ತಲೆಗೆ ಟೊಪ್ಪಿ ಹಾಕಿಸಿಕೊಂಡು ಅಭ್ಯಾಸವಿದ್ದವನು ನಾನು; ಮಂಡಿಗೆ ಹಾಕಿಕೊಂಡದ್ದು ಮಾತ್ರ 67 ದಾಟಿದ ಮೇಲೆ. ಇಂಗ್ಲಿಷಿನವರಿಗೆ ನೀ ಕ್ಯಾಪ್ ಎಂದರೆ ಮಂಡಿಚಿಪ್ಪು. ನಮ್ಮ ಮೆಡಿಕಲ್ ಶಾಪಿನಲ್ಲಿ ಆ ಹೆಸರು ಹೇಳಿದರೆ ಕೈಗೆ ಬರುವುದು ಪಾದವಿಲ್ಲದ ಕಾಲುಚೀಲ.

"ಸೈಜ್ ಎಷ್ಟು ಸಾರ್?" ಎಂದ ಅಂಗಡಿ ಹುಡುಗ. ಪ್ಯಾಂಟಿನದು ಗೊತ್ತು, ಚಪ್ಪಲಿಯದು ಗೊತ್ತು. ಮಂಡಿಯದನ್ನು ಯಾರು ಅಳೆದಿಟ್ಟಿರುತ್ತಾರೆ? ಧಾರಾಳವಾಗಿ ಎಕ್ಸ್‌ಎಲ್ ತಂದೆ. ಪಾರ್ಕಿನ ಎರಡನೇ ಸುತ್ತಿಗೆ ಅದು ಜಾರಿ ಜಾರಿ ಕಾಲಗಂಟಿಗೆ ಬಂದು ಕೂತಿತು. "ಏನ್ರೀ, ಗೆಜ್ಜೆ ಕಟ್ಟಿದೀರಾ?" ಎಂದರು ಬೆಂಚಿನ ಗೆಳೆಯರು. ಹಟಕ್ಕೆ ಬಿದ್ದು ಮೀಡಿಯಂ ತಂದೆ. ಸಂಜೆ ಅದನ್ನು ಕಳಚಲು ಹೆಂಡತಿಯೂ ಕೈ ಹಾಕಬೇಕಾಯಿತು. ಕೆಳಗೆ ಮೀನಖಂಡ ಊದಿತ್ತು. ಕೊನೆಗೆ ಫಿಸಿಯೋಥೆರಪಿಯ ಹುಡುಗಿ ಟೇಪು ಹಿಡಿದು ಸುತ್ತಳತೆ ತೆಗೆದಳು.

ಗುಟ್ಟು ಬಿಟ್ಟುಕೊಟ್ಟವಳೂ ಅವಳೇ. "ಅಂಕಲ್, ಇದು ನಿಮ್ಮನ್ನ ಎತ್ತಿ ಹಿಡಿಯಲ್ಲ. ಚರ್ಮಕ್ಕೆ ಬಿಗಿಯಾಗಿ ತಾಗ್ತಾ ಇದ್ರೆ ಮಂಡಿ ಎಲ್ಲಿದೆ ಅಂತ ಮಿದುಳಿಗೆ ನೆನಪಿರತ್ತೆ, ಅಷ್ಟೇ." ಪಕ್ಕದಲ್ಲಿ ಲೋಹದ ಪಟ್ಟಿ, ಕೀಲು ಇರುವ ಬ್ರೇಸು ಬೇರೆಯೇ ಜಾತಿ. ಮಂಡಿಯ ಸವೆದ ಒಳಮಗ್ಗುಲಿನ ಭಾರವನ್ನು ಒಂದಿಷ್ಟು ಹೊರಮಗ್ಗುಲಿಗೆ ತಳ್ಳುವಂಥದ್ದೂ ಇದೆ, ಡಾಕ್ಟರು ಬರೆದುಕೊಟ್ಟರೆ. ನನ್ನದು ಬರೀ ನೆನಪಿಸುವ ಜಾತಿ. "ಮೆಟ್ಟಿಲು ನೋಡ್ಕೊಂಡು" ಎಂದು ನೆನಪಿಸುವ ಏರ್ಪಾಡು ಮನೆಯಲ್ಲಿ ನಲವತ್ತು ವರ್ಷದಿಂದ ಪುಕ್ಕಟೆಯಾಗಿಯೇ ಇತ್ತು. ಆ ಮಾತು ಕಿವಿಯಿಂದ ಮಂಡಿಗೆ ಇಳಿದಿರಲಿಲ್ಲ.

ಊರುಗೋಲಿನ ಬಣ್ಣವೂ ಬಯಲಾಯಿತು. ನೋವು ಎಡಮಂಡಿಗೆ ಅಂತ ಎಡಗೈಯಲ್ಲೇ ಹಿಡಿದು ಆರು ತಿಂಗಳು ಗಾಂಭೀರ್ಯದಿಂದ ನಡೆದಿದ್ದೆ. ಹಿಡಿಯಬೇಕಾದ್ದು ಬಲಗೈಯಲ್ಲಂತೆ! ಮೆಟ್ಟಿಲು ಹತ್ತಲು ಗಟ್ಟಿ ಕಾಲು ಮುಂದು, ಇಳಿಯಲು ನೋವಿನ ಕಾಲು ಮುಂದು. ಜೊತೆಗೆ ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ ಹಿಡಿಯುವ ಕಸರತ್ತು. ತೊಡೆಯಲ್ಲಿ ಬಲವಿಲ್ಲದೆ ಟೊಪ್ಪಿಯೊಂದೇ ಏನು ಮಾಡೀತು? ಮೈತೂಕ 1 ಕಿಲೋ ಇಳಿದರೆ ಹೆಜ್ಜೆ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ ಎಂದಳು. ಅಂದಿನಿಂದ ಮನಸ್ಸಿನಲ್ಲಿ ಮಂಡಿಗೆ ತಿನ್ನುವುದಕ್ಕೂ ಭಯ.

ಆ ಬಿಗಿ ಮೀಡಿಯಂ ಯಾರಿಗಾದರೂ ಕೊಟ್ಟುಬಿಡೋಣವೆಂದು ಮೊನ್ನೆ ಹುಡುಕಿದರೆ ಬೀರುವಿನಲ್ಲಿಲ್ಲ. ಅಡುಗೆಮನೆಯಿಂದ ಹೆಂಡತಿ ಸೀರೆಯನ್ನು ತುಸು ಎತ್ತಿ ತೋರಿಸಿದಳು.

"ಅಳತೆ ನೋಡಿಯೇ ಹಾಕ್ಕೊಂಡಿದೀನಿ. ಈ ಮನೇಲಿ ನನಗೂ ಮಂಡಿ ಇದೆ ಅಂತ ಯಾರಿಗಾದ್ರೂ ನೆನಪಾಗ್ಬೇಡ್ವಾ?"