ಬಾಯಲ್ಲಿ ತೈವಾನ್, ತಟ್ಟೆಯಲ್ಲಿ ಮಂಚೂರಿ

ಮುಂಬಯಿ ಲೋಕಲ್ ಲೈನಿನಲ್ಲಿ ಕಲ್ಯಾಣದಾಚೆಯ ವಿಠ್ಠಲವಾಡಿಯ ಸುತ್ತಮುತ್ತಲಿನ ಏಳು ಮಂದಿ ಕನ್ನಡಿಗರು ಒಂದು ರಾತ್ರಿ ಒಟ್ಟಿಗೆ ಹೊರಗೆ ಊಟ ಮಾಡಬೇಕೆಂದರೆ ಮೊದಲು ಹುಡುಕಬೇಕಾದದ್ದು ಹೋಟೆಲನ್ನಲ್ಲ, ವಾರವನ್ನು. ಸೋಮವಾರ ಶಿವನದ್ದು. ಮಂಗಳವಾರ ಗಣಪತಿಯದ್ದು. ಗುರುವಾರಕ್ಕೆ ಮೂವರು ಹಕ್ಕುದಾರರು: ಮಂತ್ರಾಲಯದ ರಾಯರು, ಶಿರಡಿಯ ಬಾಬಾ, ದತ್ತಾತ್ರೇಯ. ಶನಿವಾರ ಮಾರುತಿಗೆ ಬಿಟ್ಟದ್ದು. ಉಳಿದ ಬುಧ, ಶುಕ್ರ, ಭಾನುವಾರಗಳ ಮೇಲೆಯೇ ಈ ಕಡೆಯ ಮೀನಿನ ಮಾರುಕಟ್ಟೆಗಳೆಲ್ಲ ಉಸಿರಾಡುತ್ತವೆ. ಗುಂಪಿನಲ್ಲಿ ಒಬ್ಬರು ವೈಭವಲಕ್ಷ್ಮಿ ವ್ರತ ಹಿಡಿದರೆ ಶುಕ್ರವಾರವೂ ಹೋಯಿತು. ಇದರ ಮೇಲೆ ಸಂಕಷ್ಟಿ, ಏಕಾದಶಿ, ಇಡೀ ಶ್ರಾವಣ. ಅಂತೂ ಒಂದು ಬುಧವಾರ ಗೊತ್ತಾಯಿತು. ಆಮೇಲೆ ನಾವು ಹೋದದ್ದು ಶುದ್ಧ ಸಸ್ಯಾಹಾರಿ ಹೋಟೆಲಿಗೆ. ಹಾಗಿದ್ದರೆ ಇಷ್ಟೆಲ್ಲ ಪಂಚಾಂಗ ನೋಡಿದ್ದೇಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸಭೆ ಆಗುತ್ತಿತ್ತು.

ಕರೆದವನು ಐರೋಲಿಯ ಕಂಪ್ಯೂಟರ್ ಕಂಪನಿಯಲ್ಲಿರುವ ನಮ್ಮ ಹುಡುಗ. ಕಂಪನಿ ಅವನನ್ನು ತೈವಾನಿನ ಶಿಂಚು ಊರಿಗೆ ಕಳಿಸಿತ್ತು. ಅಲ್ಲಿ 1980ರಲ್ಲಿ ಸೈನ್ಸ್ ಪಾರ್ಕ್ ಶುರುವಾಯಿತು, 1987ರಲ್ಲಿ ಟಿಎಸ್‌ಎಂಸಿ ಬಂತು, ಇವತ್ತು ನಿಮ್ಮ ಜೇಬಿನ ಮೊಬೈಲಿನ ಚಿಪ್ಪು ಅಲ್ಲಿಂದಲೇ ಬಂದಿರಬಹುದು ಎಂದೆಲ್ಲ ಅವನು ವಿವರಿಸಿದ. ನಾವು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಮೊಸರು ಸಿಗುತ್ತದಾ? ಪಾಪ, ಹುಡುಗ ಸೋಲಲಿಲ್ಲ. "ಅಂಕಲ್, ನಿಮಗೆಲ್ಲ ಒಂದು ದಿನ ತೈವಾನ್ ಊಟ ಹಾಕಿಸ್ತೀನಿ" ಅಂದುಬಿಟ್ಟ.

ತೈವಾನ್ ಎಂದರೆ ನಮ್ಮ ವಯಸ್ಸಿನವರಿಗೆ ಊಟದ ಹೆಸರೇ ಅಲ್ಲ. ಅದು ಕೊಡೆಯ ಹಿಡಿಕೆಯಲ್ಲಿ, ಟ್ರಾನ್ಸಿಸ್ಟರಿನ ಬೆನ್ನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತಿದ್ದ ಊರು. ಅದೂ ಅಸಲಿ ಇರಬೇಕೆಂದೇನಿಲ್ಲ, ಯಾಕೆಂದರೆ ನಮ್ಮ ಸ್ಟೇಷನ್ನಿಗೆ ಅಂಟಿಕೊಂಡೇ ಉಲ್ಲಾಸನಗರ ಇದೆ. ದೇಶವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದವರು ಕಲ್ಯಾಣದ ಮಿಲಿಟರಿ ಕ್ಯಾಂಪಿನಲ್ಲಿ ತಂಗಿ, ಅದನ್ನೇ ಊರು ಮಾಡಿಕೊಂಡರು. 1949ರ ಆಗಸ್ಟ್ 8ರಂದು ರಾಜಾಜಿ ಅಡಿಗಲ್ಲು ಹಾಕಿದರು. ಅಲ್ಲಿ ತಯಾರಾದ ಮಾಲಿನ ಮೇಲೆ 'ಮೇಡ್ ಇನ್ ಯು.ಎಸ್.ಎ.' ಎಂದಿದ್ದರೆ ಅದು ಉಲ್ಲಾಸನಗರ್ ಸಿಂಧಿ ಅಸೋಸಿಯೇಷನ್ ಎಂದು ಓದಿಕೊಳ್ಳಬೇಕು ಎನ್ನುವುದು ಈ ಲೈನಿನ ಹಳೇ ಜೋಕು. ಅಮೆರಿಕವನ್ನೇ ಪಕ್ಕದ ಗಲ್ಲಿಯಲ್ಲಿ ಹೊಲಿಸಿಕೊಂಡವರಿಗೆ ತೈವಾನ್ ಯಾವ ದೂರ?

ಆದರೆ ಊಟದ ಮಟ್ಟಿಗೆ ದೂರವೇ ಆಯಿತು. ಬಾಂದ್ರಾ, ಲೋವರ್ ಪರೇಲ್ ಕಡೆ ಹೋಗೋಣ ಎಂದು ಹುಡುಗ ಹುರಿದುಂಬಿಸಿದ. "ವಾಪಸ್ ಬರುವಾಗ ಕಡೇ ಕರ್ಜತ್ ಗಾಡಿ ತಪ್ಪಿದರೆ?" ಎಂದರು ಬ್ಯಾಂಕಿನ ಅಕ್ಕ. ಅಲ್ಲಿಗೆ ಮಾತು ಮುಗಿಯಿತು. ಕಲ್ಯಾಣದಾಚೆ ವಾಸಿಸುವವರ ಜೀವನದಲ್ಲಿ ಎಂಥೆಂಥ ಆಸೆಗಳಿಗೂ ಕೊನೆಯ ತೀರ್ಪು ಕೊಡುವುದು ಆ ಗಾಡಿಯೇ. ಹೀಗಾಗಿ ಸೇರಿದ್ದು ಕಲ್ಯಾಣದ ಒಂದು ಉಡುಪಿ ಹೋಟೆಲಿನ ಎ.ಸಿ. ರೂಮಿನಲ್ಲಿ, ಮೆನುವಿನ ಚೈನೀಸ್ ಪುಟದ ಮುಂದೆ. ತೈವಾನಿಗೆ ನಮ್ಮಿಂದ ಸಾಧ್ಯವಾದ ಅತಿ ಹತ್ತಿರದ ಜಾಗ ಅದು.

ನಮ್ಮ ಶೆಟ್ರು ಒಂದು ಕಾಲದಲ್ಲಿ ಸ್ವಂತ ಹೋಟೆಲು ನಡೆಸಿದವರು. ಕೂತ ಕೂಡಲೇ ಅಭ್ಯಾಸಬಲದಿಂದ ವೇಟರನಿಗೆ ತುಳುವಿನಲ್ಲಿ ಆರ್ಡರ್ ಕೊಟ್ಟರು. ಜಾರ್ಖಂಡಿನ ಆ ಹುಡುಗ "ಜೀ ಅಂಕಲ್?" ಎಂದ. ಶೆಟ್ರಿಗೆ ಅರ್ಧ ಹಸಿವು ಅಲ್ಲೇ ಹೋಯಿತು. ಉಳಿದರ್ಧವನ್ನು ಅವರು ಇತಿಹಾಸದಿಂದ ತುಂಬಿಕೊಂಡರು. ಮಂಚೂರಿ ಚೀನಾದ್ದಲ್ಲ, ನಮ್ಮ ಮುಂಬಯಿಯದ್ದೇ. 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಕಲ್ಕತ್ತಾದಿಂದ ಬಂದ ನೆಲ್ಸನ್ ವಾಂಗ್ ಎಂಬವರು ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಹುರಿದು, ಗರಂ ಮಸಾಲೆ ಬಿಟ್ಟು ಸೋಯಾ ಸಾಸ್ ಸುರಿದದ್ದೇ ಅದರ ಜನ್ಮ. ಅವರು ಹಾಕಿದ್ದು ಕೋಳಿ. "ಅದನ್ನು ತೆಗೆದು ಹೂಕೋಸು ಹಾಕಿದ್ದೇ ಹಾಕಿದ್ದು, ನಮ್ಮ ಗಲ್ಲಾಪೆಟ್ಟಿಗೆ ತುಂಬಿತು ಮಾರಾಯ್ರೆ!" ಅದೇ ಗೋಬಿಯ ಕೆಂಪು ಬಣ್ಣದ ಮೇಲೆ 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ನಿಷೇಧ ಹಾಕಿತಲ್ಲ ಎಂದು ಅಕ್ಕ ನೆನಪಿಸಿದರೆ, ಶೆಟ್ರು ಕೇಳಿಸದವರಂತೆ ಪಾಪಡ್ ಮುರಿದರು.

ಇನ್ನು ಆರ್ಡರು. ಎಲ್ಲರೂ ಹಂಚಿಕೊಂಡು ತಿನ್ನುವುದು ಎಂದು ಹುಡುಗನ ಕಾನೂನು, ಅಲ್ಲಿ ಹಾಗೇ ಅಂತೆ: ಅನ್ನ ಮಾತ್ರ ಅವರವರ ಬಟ್ಟಲಿನಲ್ಲಿ, ಮಿಕ್ಕಿದ್ದೆಲ್ಲ ಮೇಜಿನ ನಡುವೆ. ಹಂಚಿಕೊಳ್ಳುವುದು ನಮಗೇನು ಹೊಸದಲ್ಲ. ಬೆಂಗಳೂರಿನವರು ಸೂಪನ್ನೂ ವನ್ ಬೈ ಟೂ ಮಾಡುವವರು, ಇಲ್ಲಿಯವರು ಚಹಾವನ್ನೂ ಕಟಿಂಗ್ ಮಾಡುವವರು. ಆದರೆ ಹಂಚಿ ತಿನ್ನುವ ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ, ಅವರ ಬಗ್ಗೆ ಎಚ್ಚರವಿರಬೇಕು. ನಮ್ಮಲ್ಲಿ ಧಾರವಾಡದ ಮಾಸ್ತರು. "ನನಗೇನೂ ಬ್ಯಾಡ್ರಿ. ನಿಮ್ಮ ಪೈಕಿನ ಒಂದ್ ತುತ್ತು ರುಚಿ ನೋಡ್ತೀನಿ, ಅಷ್ಟ." ಆರ್ಡರ್ ಮಾಡಿದವನಿಗೆ ಒಂದು ತಿಂಡಿ, ಏನೂ ಬೇಡ ಎಂದವನಿಗೆ ಎಲ್ಲ ತಿಂಡಿಯೂ. ಈ ಲೆಕ್ಕ ಮಾಸ್ತರ ಮನೆಯವರಿಗೆ ಗೊತ್ತು. "ಇವರಿಗೆ ಒಂದು ಫುಲ್ ಪ್ಲೇಟ್ ಬ್ಯಾರೆ ಬರಸ್ರಿ" ಎಂದು ವೈನಿ ಬೇಡಿಕೊಂಡರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಟ್ರಿಪಲ್ ಸೆಜ್ವಾನ್ ಬರುವವರೆಗೆ ಹುಡುಗ ಬಾಯಿಮಾತಿನಲ್ಲೇ ತೈವಾನ್ ಬಡಿಸಿದ. ತೈಪೆಯ ಡಿನ್ ತೈ ಫಂಗ್ 1958ರಲ್ಲಿ ಅಡುಗೆ ಎಣ್ಣೆಯ ಅಂಗಡಿಯಾಗಿತ್ತಂತೆ. ಡಬ್ಬದ ಎಣ್ಣೆ ಬಂದು ಬಿಡಿ ವ್ಯಾಪಾರ ಬಿದ್ದಾಗ, 1972ರಲ್ಲಿ ಅರ್ಧ ಅಂಗಡಿಯಲ್ಲಿ ಹಬೆಯ ಕಡುಬು ಶುರುಮಾಡಿದರು. ಒಂದೊಂದು ಕಡುಬಿಗೂ 18 ಮಡಿಕೆ, ಒಳಗೆ ಬಿಸಿ ಸೂಪು. ಸೂಪು ಒಳಗೆ ಹೋದದ್ದು ಹೇಗೆ? ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಸಾರನ್ನು ಇಟ್ಟು ಮಡಿಚುತ್ತಾರೆ, ಹಬೆಗೆ ಅದು ಕರಗುತ್ತದೆ. ಎಣ್ಣೆ ಅಂಗಡಿ ಜಗತ್ತಿಗೆ ಶಾಖೆ ತೆರೆದ ಕತೆ ಕೇಳಿ ಶೆಟ್ರು ಎದ್ದು ಕೈಕುಲುಕುವುದೊಂದು ಬಾಕಿ. ನಾರುವ ತೋಫು ಎಂಬ ಇನ್ನೊಂದುಂಟು, ರಾತ್ರಿ ಸಂತೆಯಲ್ಲಿ ಒಂದು ಗಲ್ಲಿ ಆಚೆಯಿಂದಲೇ ಮೂಗಿಗೆ ಬಡಿಯುತ್ತದೆ ಎಂದಾಗ ಶೆಟ್ರು ನಕ್ಕರು: "ನಮ್ಮ ನುಂಗೆಲ್ ಮೀನು ಸುಡುವಾಗ ಇಡೀ ಸೊಸೈಟಿ ಕಿಟಕಿ ಮುಚ್ಚುತ್ತದೆ. ನಮಗೆ ತೋಫು ತೋರಿಸುತ್ತೀಯಾ?"

ಎಲ್ಲರ ಚಿಂತೆ ಇದ್ದದ್ದು ಡೊಂಬಿವಲಿಯಿಂದ ಬಂದ ಆಚಾರ್ಯರದ್ದು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ನಿಜವಾದ ತೈವಾನಿಗೆ ಹೋಗಿದ್ದರೆ ಉಪವಾಸವೇ ಗತಿ ಎಂದು ನಾವು ಮರುಗುತ್ತಿದ್ದೆವು. ಹುಡುಗ ಹೇಳಿದ್ದೇ ಬೇರೆ. ಅಲ್ಲಿಯ ಬೌದ್ಧ ಸಸ್ಯಾಹಾರಿಗಳು ಈರುಳ್ಳಿ, ಬೆಳ್ಳುಳ್ಳಿ ಸೇರಿ ಐದು ಘಾಟಿನ ಪದಾರ್ಥ ಮುಟ್ಟುವುದಿಲ್ಲ. ಪೊಟ್ಟಣದ ಮೇಲೂ ಬರೆದಿರುತ್ತದೆ, ಇದು ಬರೀ ಸಸ್ಯಾಹಾರ, ಇದು ಆ ಐದು ಸೇರಿದ್ದು ಎಂದು. ಸಸ್ಯಾಹಾರಿ ಊಟದ ಅಂಗಡಿಗಳಲ್ಲಿ ಬೇಕಾದ್ದು ಬಡಿಸಿಕೊಂಡು ತೂಕಕ್ಕೆ ದುಡ್ಡು ಕೊಟ್ಟರಾಯಿತು. ಆಚಾರ್ಯರು ಕುರ್ಚಿಯಲ್ಲಿ ನೆಟ್ಟಗಾದರು. ತೈವಾನಿನಲ್ಲಿ ಹೆದರಬೇಕಾದವರು ನಾವು, ಅವರಲ್ಲ! ಆ ಹೊತ್ತಿಗೆ ಇಲ್ಲಿ ಅವರ ಮುಂದೆ ಬಂದದ್ದು 'ಜೈನ್ ನೂಡಲ್ಸ್', ಎಂದರೆ ಎಲೆಕೋಸು ಮತ್ತು ವಿಷಾದ.

ಬಬಲ್ ಟೀ ಒಂದು ಮಾತ್ರ ಮಾಲಿನವರೆಗೆ ಬಂದಿದೆ, ನೋಡಿದ್ದೇವೆ. ಹಾಲಿನ ತಣ್ಣನೆ ಚಹಾ, ತಳದಲ್ಲಿ ಕಪ್ಪು ಗುಂಡುಗಳು. 1980ರ ದಶಕದಲ್ಲಿ ಹುಟ್ಟಿದ ಅದನ್ನು ನಾವೇ ಕಂಡುಹಿಡಿದದ್ದು ಎಂದು ತೈಚುಂಗಿನ ಒಂದು ಅಂಗಡಿ, ತೈನಾನಿನ ಇನ್ನೊಂದು ಅಂಗಡಿ ವರ್ಷಗಟ್ಟಲೆ ಕೋರ್ಟಿಗೆ ಅಲೆದವು. ಪೇಟೆಂಟ್ ಇಲ್ಲದ ಪಾನೀಯಕ್ಕೆ ತಂದೆ ಯಾರೆಂದು ತೀರ್ಮಾನಿಸುವ ಅಗತ್ಯವಿಲ್ಲ ಎಂದು 2019ರಲ್ಲಿ ಕೋರ್ಟು ಕೈತೊಳೆಯಿತು. ಗುಂಡು ಯಾವುದರದ್ದು ಎಂದು ಅಕ್ಕ ಕೇಳಿದರು. ಮರಗೆಣಸಿನ ಹಿಟ್ಟಿನದ್ದು. "ಅಂದರೆ ಸಾಬುದಾನಾ!" ಹೌದಲ್ಲ. ಸೇಲಂನಿಂದ ಬರುವ ನಮ್ಮ ಸಾಬುದಾನಾ ಕೂಡ ಮರಗೆಣಸಿನದ್ದೇ; ಆ ಗೆಣಸಾದರೋ ದಕ್ಷಿಣ ಅಮೆರಿಕದಿಂದ ಬಂದದ್ದು. ಆಷಾಢಿ ಏಕಾದಶಿಗೆ ಈ ವಾಡಿಯಲ್ಲಿ ಮನೆಮನೆಯಲ್ಲೂ ಅದರದ್ದೇ ಖಿಚಡಿ, ಅದರದ್ದೇ ವಡೆ. 'ಏಕಾದಶಿ, ದುಪ್ಪಟ್ ಖಾಶಿ' ಎಂದು ಮರಾಠಿಗರೇ ತಮ್ಮನ್ನು ಚುಡಾಯಿಸಿಕೊಳ್ಳುತ್ತಾರೆ. "ನಮ್ಮಲ್ಲಿ ಏಕಾದಶಿಗೆ ನೀರೂ ಇಲ್ಲ" ಎಂದರು ಆಚಾರ್ಯರು ಗಂಭೀರವಾಗಿ. ದ್ವಾದಶಿಯ ಬೆಳಗ್ಗೆ ಅವರ ಎಲೆ ಕಂಡವರು ನಾವು, ಸುಮ್ಮನಿದ್ದೆವು. ಜ್ಞಾನೇಶ್ವರರೇ ವಿಠ್ಠಲನನ್ನು ಕನ್ನಡದವನೆಂದು ಹಾಡಿದ್ದಾರೆ, ಆದ್ದರಿಂದ ವಿಠ್ಠಲವಾಡಿಯಲ್ಲಿ ನಾವು ಬಾಡಿಗೆದಾರರಲ್ಲ, ಮಾಲೀಕರ ಕಡೆಯವರು ಎಂದು ಮಾಸ್ತರು ಈ ನಡುವೆ ಒಂದು ವಾದ ಹೂಡಿದರು. ಎಲ್ಲರೂ ಆ ಕಡೆ ನೋಡುವಷ್ಟರಲ್ಲಿ ಸ್ಪ್ರಿಂಗ್ ರೋಲು ಎರಡು ಕಡಿಮೆಯಾಗಿದ್ದವು.

ಇದಕ್ಕೆಲ್ಲ ಸುತ್ತುವ ಮೇಜೇ ಮದ್ದು, ದೊಡ್ಡ ಹೋಟೆಲುಗಳಲ್ಲಿ ಇರುತ್ತದಲ್ಲ, ಎಂದ ಹುಡುಗ. ಓದಿಕೊಂಡ ಮಾಸ್ತರು ಬಾಯಿತುಂಬ ಅನ್ನ ಇಟ್ಟುಕೊಂಡೇ ಅದಕ್ಕೂ ಟಿಪ್ಪಣಿ ಕೊಟ್ಟರು: 1910-11ರಲ್ಲಿ ಮಂಚೂರಿಯಾದಲ್ಲಿ ಪ್ಲೇಗ್ ಹಬ್ಬಿದಾಗ ಅದನ್ನು ತಡೆದ ಡಾಕ್ಟರು ವು ಲಿಯೆನ್ ತೇ, ಒಂದೇ ಬಟ್ಟಲಿಗೆ ಹತ್ತು ಜನರ ಎಂಜಲು ಕಡ್ಡಿ ಅದ್ದುವುದು ಬೇಡ, ತಿರುಗುವ ತಟ್ಟೆ ಇಡಿ, ಬಡಿಸಲು ಬೇರೆ ಚಮಚ ಇಡಿ ಎಂದು ಬೋಧಿಸಿದವರು. ಮಂಚೂರಿಗೂ ಮಂಚೂರಿಯಾಕ್ಕೂ ಸಂಬಂಧ ಸಿಕ್ಕಿತೆಂದರೆ ಇಷ್ಟೇ. ಎಂಜಲು ಎಂದದ್ದೇ ತಡ, ಆಚಾರ್ಯರು ತಮ್ಮ ನೂಡಲ್ಸನ್ನು ಒಂದು ಗೇಣು ಹಿಂದಕ್ಕೆಳೆದುಕೊಂಡರು. ನನಗಂತೂ ಸುತ್ತುವ ಮೇಜಿನ ಮೇಲೆ ನಂಬಿಕೆಯಿಲ್ಲ. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ವಿಠ್ಠಲವಾಡಿಯ ಪ್ಲಾಟ್‌ಫಾರಮ್ಮಿನಲ್ಲಿ ನಿಂತ ನಮ್ಮನ್ನು ಕಂಡೂ ಕಾಣದಂತೆ ದಾಟುತ್ತದಲ್ಲ, ಪನೀರಿನ ಬಟ್ಟಲೂ ಹಾಗೇ ದಾಟಿ ನೇರ ಮಾಸ್ತರ ಎದುರಿಗೇ ಹೋಗಿ ನಿಲ್ಲುತ್ತದೆ.

ಕಡೆಗೆ ಒಂದೇ ಒಂದು ಗೋಬಿ ಉಳಿಯಿತು. ನೀವು ತಗೊಳ್ಳಿ, ಛೇ ನೀವು ತಗೊಳ್ಳಿ, ಅಕ್ಕನಿಗೆ ಕೊಡಿ, ನನಗೆ ಸಾಕಪ್ಪ ಎಂದು ಅದು ದಾಕ್ಷಿಣ್ಯದ ಮಧ್ಯೆ ತಣ್ಣಗಾಗತೊಡಗಿತು. "ಅನ್ನಬ್ರಹ್ಮರೀ, ಚೆಲ್ಲಬಾರದು" ಎನ್ನುತ್ತ ಮಾಸ್ತರು ಅದನ್ನು ಉದ್ಧರಿಸಿದರು.

ಬಿಲ್ಲು ತನ್ನದೇ ಎಂದು ಹುಡುಗ ಕೈಚಾಚಿದ. ಊಟ ತೈವಾನಿನದ್ದಾಗಿದ್ದರೆ ನಿನ್ನದು, ಇದು ಮಂಚೂರಿ, ಕಾಂಟ್ರಿ ಹಾಕೋಣ ಎಂದು ಶೆಟ್ರು ಕಸಿದುಕೊಂಡರು. ಏಳರಿಂದ ಭಾಗಿಸಲು ಅಕ್ಕ ಮೊಬೈಲು ತೆಗೆದರು.

"ಆರರಿಂದ ಮಾಡ್ರಿ" ಎಂದರು ಮಾಸ್ತರು, ಸೋಂಪು ಅಗಿಯುತ್ತ. "ನಾನೇನು ಆರ್ಡರ್ ಮಾಡಿಲ್ಲಲ್ರೀ."